ನೀರಿನ ಲೆಕ್ಕ ಯಾರ ಸೊತ್ತು?

ಕನ್ನಂಬಾಡಿ ಕಟ್ಟೆಯಲ್ಲಿ ಈಗ ನೀರೆಷ್ಟಿದೆಯೆಂದು ಮಂಡ್ಯದ ಕಡೆಯ ಯಾವ ರೈತನನ್ನಾದರೂ ಕೇಳಿರಿ. ಆತನು ಅಡಿಗಳ ಲೆಕ್ಕದಲ್ಲಿಯೇ ಉತ್ತರ ಕೊಡುತ್ತಾನೆ. ಕಟ್ಟೆಯ ತುಂಬುಮಟ್ಟ 124.80 ಅಡಿ ಎಂಬುದು ಆ ಸೀಮೆಯ ಮಕ್ಕಳಿಗೂ ಬಾಯಿಪಾಠ. ಮಳೆಗಾಲ ಕಾಲಿಟ್ಟಿತೆಂದರೆ ಪತ್ರಿಕೆಗಳು ಒಳಹರಿವೆಷ್ಟು, ಹೊರಹರಿವೆಷ್ಟು, ಕಳೆದ ವರ್ಷ ಇದೇ ದಿನ ಎಷ್ಟಿದ್ದಿತು ಎಂಬುದನ್ನೆಲ್ಲ ದಿನದಿನವೂ ಅಚ್ಚುಮಾಡುತ್ತವೆ. ಓದಬಲ್ಲವನು ಓದಿ ಹೇಳುತ್ತಾನೆ. ಓದಲಾರದವನು ಚಹದ ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳುತ್ತಾನೆ. ಈ ಸಲ ಭತ್ತ ಹಾಕಬಹುದೇ, ಬೇಡವೇ ಎಂಬ ವಿಚಾರ ಆ ಅಂಕಿಯಿಂದಲೇ ಆರಂಭವಾಗುತ್ತದೆ.

ನಮ್ಮ ಸೀಮೆಯಲ್ಲಿ ಅಂತಹ ಕಟ್ಟೆಯೂ ಇಲ್ಲ, ನಾಲೆಯೂ ಇಲ್ಲ. ತುಮಕೂರು ಜಿಲ್ಲೆಯ ಬಡಗಣ ಅಂಚಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡಂತಿರುವ ಬಯಲುಸೀಮೆ ನಮ್ಮದು. ಬೆಳೆಗೆ ನಾವು ನಂಬಿರುವ ನೀರು ನೆಲದೊಳಗಿನದು. ನಮ್ಮ ಕಟ್ಟೆಯೆಂದರೆ ಕಾಲಡಿಯ ಬಂಡೆಯೇ. ಆ ಕಟ್ಟೆಯ ಮಟ್ಟ ದಿನಪತ್ರಿಕೆಯಲ್ಲಿ ಬರುವುದಿಲ್ಲ. ಚಹದ ಅಂಗಡಿಯಲ್ಲಿ ಆ ಮಾತು ಹುಟ್ಟುವುದೂ ಇಲ್ಲ. ಹಾಗೆಂದು ಅದನ್ನು ಯಾರೂ ಅಳೆಯುತ್ತಿಲ್ಲವೆಂದು ತಿಳಿಯಬೇಡಿ. ಅಳೆಯುತ್ತಿದ್ದಾರೆ. ಅಳೆದುದು ಎಲ್ಲಿಗೆ ಹೋಗುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ ಎಂಬುದೇ ಈ ಲೇಖನದ ವಿಷಯ.

ಸ್ವಂತದ ಮಾತೊಂದನ್ನು ಹೇಳಬೇಕಾಗಿದೆ, ವಾಚಕರು ಮನ್ನಿಸಬೇಕು. 2016ರಿಂದ 2019ರೊಳಗೆ ನಮ್ಮ ತಂದೆಯವರು ಮೂರು ಕೊಳವೆಬಾವಿಗಳನ್ನು ಕೊರೆಯಿಸಿದರು. ಮೊದಲನೆಯದರಲ್ಲಿ ಹತ್ತು ತಿಂಗಳು ನೀರು ಬಂದಿತು. ಎರಡನೆಯದು ಏಳುನೂರು ಅಡಿಗೆ ಹೋದರೂ ತೇವ ಕಾಣಲಿಲ್ಲ. ಮೂರನೆಯದಕ್ಕೆ ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿ ಜಾಗ ತೋರಿಸುವವರನ್ನು ಕರೆಯಿಸಿದುದಾಯಿತು. ಒಂಬೈನೂರು ಅಡಿಯವರೆಗೂ ಬಿಳಿಯ ಧೂಳೇ ಮೇಲೆ ಬಂದಿತು. ಆ ರಾತ್ರಿ ಲಾರಿ ಹೊರಟುಹೋದ ಮೇಲೆ ಹೊಲವೆಲ್ಲ ಸುಣ್ಣ ಎರಚಿದಂತೆ ಕಾಣುತ್ತಿದ್ದಿತು. ಸಾಲ ತೀರಿಸಲೆಂದು ಅಕ್ಕ ಹತ್ತನೆಯ ತರಗತಿಗೇ ಓದು ನಿಲ್ಲಿಸಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋದಳು. ನಾನು ಕಾಲೇಜಿಗೆ ಬಂದೆನು.

ಎರಡನೆಯ ವರ್ಷದಲ್ಲಿ ನಮ್ಮ ಭೂಗೋಳದ ಅಧ್ಯಾಪಕರು ತರಗತಿಯಲ್ಲಿ ಕೇಂದ್ರ ಸರ್ಕಾರದ ಜಲಮಾಹಿತಿಯ ಜಾಲತಾಣವನ್ನು ತೆರೆದು ತೋರಿಸಿದರು. ನಕ್ಷೆಯ ಮೇಲೆ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ವೀಕ್ಷಣಾ ಬಾವಿ. ಕುತೂಹಲಕ್ಕೆಂದು ನಮ್ಮೂರಿನ ಸುತ್ತ ಹುಡುಕಿದೆನು. ಮೂರು ಮೈಲಿ ದೂರದಲ್ಲಿ, ನಾನು ಎಷ್ಟೋ ಸಲ ನೀರು ಸೇದಿ ಕುಡಿದಿದ್ದ ಬಾವಿಯೇ ಒಂದು ಚುಕ್ಕೆಯಾಗಿದ್ದಿತು! ವರ್ಷಕ್ಕೆ ನಾಲ್ಕು ಸಲದಂತೆ ಅದರ ಮಟ್ಟವನ್ನು ಬರೆದಿಟ್ಟಿದ್ದರು. ಅಂಕಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತ ಹೋಗಿದ್ದುವು. ನಮ್ಮ ಮೂರನೆಯ ಕೊಳವೆಬಾವಿಗಿಂತ ಒಂದು ವರ್ಷ ಮೊದಲು, ಅಂಕಿಯಿರಬೇಕಾದ ಜಾಗದಲ್ಲಿ ಒಂದೇ ಒಂದು ಪದವಿದ್ದಿತು: ಒಣಗಿದೆ.

ಬಾವಿ ಒಣಗಿದುದರಿಂದ ಒಂಬೈನೂರು ಅಡಿಯ ಬಿರುಕಿನಲ್ಲಿ ನೀರಿಲ್ಲವೆಂದು ಸಿದ್ಧವಾಗುವುದಿಲ್ಲ. ಅಷ್ಟು ತರ್ಕ ನನಗೂ ತಿಳಿಯುತ್ತದೆ. ಆದರೆ ಮೇಲಿನ ಪದರ ಬರಿದಾದ ಮೇಲೆ ಕೆಳಗಿನ ಬಿರುಕನ್ನು ತುಂಬುವುದು ಯಾವುದು? ಆ ಒಂದು ಪದ ನಮ್ಮ ತಂದೆಯವರ ಕಿವಿಗೆ ಬಿದ್ದಿದ್ದರೆ ಅವರು ಮೂರನೆಯ ಸಲ ಲಾರಿಯನ್ನು ಕರೆಯಿಸುತ್ತಿದ್ದರೋ ಇಲ್ಲವೋ, ನಾನರಿಯೆ. ಯೋಚನೆಯಂತೂ ಮಾಡುತ್ತಿದ್ದರು. ಇನ್ನೂ ಹೆಚ್ಚಿನ ವಿವರ ಕೇಳೋಣವೆಂದು ನಾನೊಂದು ಕಛೇರಿಗೆ ಹೋದಾಗ, “ನಿಮಗೇಕೆ ಇದು? ಇದು ಇಲಾಖೆಯ ಮಾಹಿತಿ” ಎಂಬ ಉತ್ತರ ಬಂದಿತು. ಹೇಳಿದವರು ಕೆಟ್ಟವರಲ್ಲ, ಕುಳಿತುಕೊಳ್ಳಲು ಕುರ್ಚಿಯನ್ನೂ ಕೊಟ್ಟರು. ಬಾವಿ ಊರಿನದು, ಅದರ ಲೆಕ್ಕ ಮಾತ್ರ ಇಲಾಖೆಯದು ಎಂಬುದರಲ್ಲಿ ಅವರಿಗೆ ವಿಚಿತ್ರವೇನೂ ಕಾಣಲಿಲ್ಲ, ಅಷ್ಟೆ.

ಈ ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ತಿಳಿಯೋಣ. ಕೇಂದ್ರ ಅಂತರ್ಜಲ ಮಂಡಳಿ ಎಂಬ ಸಂಸ್ಥೆ 1970ರಲ್ಲಿ ಆ ಹೆಸರನ್ನು ಪಡೆಯಿತು. ದೇಶದಾದ್ಯಂತ ಇಪ್ಪತ್ತು ಸಾವಿರಕ್ಕೂ ಮಿಕ್ಕ ವೀಕ್ಷಣಾ ಬಾವಿಗಳನ್ನು ಅದು ನೋಡಿಕೊಳ್ಳುತ್ತದೆ. ಜನವರಿಯಲ್ಲೊಮ್ಮೆ, ಮುಂಗಾರಿಗೆ ಮುಂಚೆ ಒಮ್ಮೆ, ಆಗಸ್ಟ್‌ನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ನೌಕರರು ಹೋಗಿ ಮಟ್ಟ ಅಳೆಯುತ್ತಾರೆ. ರಾಜ್ಯ ಸರ್ಕಾರಗಳಿಗೂ ತಮ್ಮತಮ್ಮ ಬಾವಿಗಳುಂಟು. ಹಿಂದೆ ಮಳೆಯ ಅಂಕಿ ಒಬ್ಬರಲ್ಲಿ, ನದಿಯ ಅಂಕಿ ಇನ್ನೊಬ್ಬರಲ್ಲಿ, ಬಾವಿಯ ಅಂಕಿ ಮತ್ತೊಬ್ಬರಲ್ಲಿ ಬೇರೆಬೇರೆ ದಫ್ತರಗಳಲ್ಲಿ ಕುಳಿತಿದ್ದುವು. 1995ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲವಿಜ್ಞಾನ ಯೋಜನೆಯು ದಕ್ಷಿಣದ ಮತ್ತು ಮಧ್ಯದ ಹಲವು ರಾಜ್ಯಗಳನ್ನು, ಕರ್ನಾಟಕವನ್ನೂ ಸೇರಿಸಿಕೊಂಡು, ಇವನ್ನೆಲ್ಲ ಒಂದೇ ಬಗೆಯಲ್ಲಿ ಅಳೆದು ಒಂದೇ ಬಗೆಯಲ್ಲಿ ಬರೆದಿಡಲು ಹಾದಿ ಮಾಡಿತು. ಆಮೇಲೆ 2012ರ ರಾಷ್ಟ್ರೀಯ ಜಲನೀತಿಯು ದೇಶದ ಭದ್ರತೆಯ ಕಾರಣಕ್ಕೆ ಗೋಪ್ಯವಾಗಿಡಬೇಕಾದುದನ್ನು ಬಿಟ್ಟು ಉಳಿದೆಲ್ಲ ಜಲಮಾಹಿತಿಯೂ ಸಾರ್ವಜನಿಕರಿಗೆ ದೊರೆಯತಕ್ಕದ್ದೆಂದು ಸ್ಪಷ್ಟವಾಗಿಯೇ ಹೇಳಿತು. ನಾನು ಕಂಡ ಜಾಲತಾಣ ಈ ಪರಂಪರೆಯ ಫಲ. ನೀತಿಯ ದೃಷ್ಟಿಯಿಂದ ನೋಡಿದರೆ ಬಾಗಿಲು ತೆರೆದಿದೆಯೆನ್ನಬೇಕು.

ಆದರೆ ತೆರೆದಿರುವುದೇ ಬೇರೆ, ಎಟುಕುವುದೇ ಬೇರೆ. ನಮ್ಮ ತಂದೆಯವರಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಬಸ್ಸಿನ ನಂಬರು, ಮಾರುಕಟ್ಟೆಯ ಧಾರಣೆ, ಡೈರಿಯ ಚೀಟಿ ಇವನ್ನೆಲ್ಲ ಅವರು ನೋಡಿದೊಡನೆ ಹೇಳಬಲ್ಲರು. ಅವರಿಗೆ ಬೇಕಾದ ಅಂಕಿಯು ಇಂಗ್ಲಿಷಿನ ತಾಣದೊಳಗೆ, ಅಕ್ಷಾಂಶ ರೇಖಾಂಶಗಳ ಪಕ್ಕದಲ್ಲಿ, ಭೂಮಟ್ಟದಿಂದ ಕೆಳಗೆ ಇಂತಿಷ್ಟು ಮೀಟರ್ ಎಂಬ ರೂಪದಲ್ಲಿ ಅಡಗಿದ್ದರೆ ಅದು ಬೀರುವಿನಲ್ಲಿದ್ದಂತೆಯೇ ಸರಿ. ಅದೇ ಅಂಕಿಯನ್ನು ಅಡಿಗಳಲ್ಲಿ, ಗೋಡೆಯ ಮೇಲೆ, ಗೇಣುದ್ದ ಬರೆದರೆ ಅವರು ಓದುತ್ತಾರೆ.

ಓದಿದರೆ ಏನು ಫಲವೆಂದು ಕೇಳಬಹುದು. ಇದಕ್ಕೆ ನಮ್ಮ ನೆಲದ ಗುಣವನ್ನು ಅರಿಯಬೇಕು. ನಮ್ಮ ಕಾಲಡಿಯಲ್ಲಿರುವುದು ಗಟ್ಟಿಯಾದ ಪುರಾತನ ಶಿಲೆ. ಅದರ ಮೇಲೆ ಶಿಥಿಲವಾದ ಪದರವೊಂದು, ಕೆಳಗೆ ಅಲ್ಲಲ್ಲಿ ಬಿರುಕುಗಳು. ನೀರಿಗಿರುವ ಜಾಗ ಇಷ್ಟೇ. ನೂರು ಭಾಗ ಕಲ್ಲಿನಲ್ಲಿ ನೀರು ಬಿಟ್ಟುಕೊಡುವ ಜಾಗ ಎರಡು ಭಾಗವಿದ್ದರೆ ಹೆಚ್ಚು. ಇದರ ಅರ್ಥವೇನು? ಹೊಲದ ಮೇಲೆ ಒಂದು ಅಂಗುಲ ನಿಲ್ಲುವಷ್ಟು ನೀರನ್ನು ಮೇಲಕ್ಕೆತ್ತಿದರೆ ಕೆಳಗಿನ ಮಟ್ಟ ಐವತ್ತು ಅಂಗುಲ ಇಳಿಯುತ್ತದೆ. ಒಳ್ಳೆಯ ಮಳೆ ಬಂದಾಗ ಮಟ್ಟ ಸರ್ರನೆ ಏರುವುದೂ ಇದೇ ಕಾರಣದಿಂದ. ಏರಿದುದನ್ನು ಕಂಡು ಊರವರೆಲ್ಲ ಮೋಸಹೋಗುವುದೂ ಇದೇ ಕಾರಣದಿಂದ.

ಇನ್ನೊಂದು ಲೆಕ್ಕ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ನಾಲ್ಕು ಸಾವಿರ ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ಎಕರೆಗೆ ಇಪ್ಪತ್ತನಾಲ್ಕು ಲಕ್ಷ ಲೀಟರ್ ಬೀಳುತ್ತದೆ. ಅದರಲ್ಲಿ ಹತ್ತನೆಯ ಒಂದು ಪಾಲು ನೆಲಕ್ಕೆ ಇಂಗಿತೆನ್ನೋಣ: ಎರಡು ಲಕ್ಷ ನಲವತ್ತು ಸಾವಿರ ಲೀಟರ್. ಬೇಸಗೆಯ ಭತ್ತಕ್ಕೆ 1200 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ ಎಕರೆಗೆ ನಲವತ್ತೆಂಟು ಲಕ್ಷ ಲೀಟರ್ ಆಯಿತು. ಅಂದರೆ ಒಂದು ಎಕರೆ ಬೇಸಗೆಯ ಭತ್ತವು ಇಪ್ಪತ್ತು ಎಕರೆಯ ವರ್ಷದ ಇಂಗುನೀರನ್ನು ಕುಡಿದುಬಿಡುತ್ತದೆ. ಗದ್ದೆಯಿಂದ ಒಂದಿಷ್ಟು ಮರಳಿ ಇಂಗುತ್ತದೆಯೆಂದು ತಳ್ಳಿಹಾಕಿದರೂ ಹತ್ತೋ ಹನ್ನೆರಡೋ ಎಕರೆಯದು ಹೋಯಿತು. ಉಳಿದ ಎಕರೆಗಳ ಒಡೆಯರು ಯಾರು? ನೆರೆಹೊರೆಯವರೇ. ಕೊಳವೆಬಾವಿ ನನ್ನ ಹೊಲದಲ್ಲಿದೆ, ಆದುದರಿಂದ ನೀರು ನನ್ನದು ಎಂಬ ನಂಬಿಕೆಯನ್ನು ಭಾಷಣಗಳಿಗಿಂತ ಚೆನ್ನಾಗಿ ಈ ಗುಣಾಕಾರವೇ ಸಡಿಲಿಸಬಲ್ಲದೆಂದು ನನಗೆ ತೋರುತ್ತದೆ.

ಹಾಗೆ ಸಡಿಲಿಸಿದವರು ನಮ್ಮ ಗಡಿಯ ಆಚೆಗೇ ಇದ್ದಾರೆ. ನಮ್ಮ ಸೋದರತ್ತೆಯನ್ನು ಕೊಟ್ಟಿರುವುದು ಅನಂತಪುರದ ಕಡೆಗೆ. ಆದುದರಿಂದ ಈ ಸಂಗತಿಯನ್ನು ಓದಿದಾಗ ನನಗೆ ಮನೆಯ ಮಾತಿನಂತೆಯೇ ಅನ್ನಿಸಿತು. ಈ ಶತಮಾನದ ಮೊದಲ ದಶಕದಲ್ಲಿ ಆಗಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ಅಂತರ್ಜಲವನ್ನು ನೋಡಿಕೊಳ್ಳುವ ಯೋಜನೆಯೊಂದು ನಡೆಯಿತು. ಅನಂತಪುರ, ಕರ್ನೂಲು, ಕಡಪ, ಚಿತ್ತೂರು, ಪ್ರಕಾಶಂ, ಮಹಬೂಬನಗರ, ನಲ್ಗೊಂಡ ಇವೇ ಆ ಜಿಲ್ಲೆಗಳು. ನೆದರ್ಲೆಂಡ್ಸ್ ದೇಶ ಹಣ ಕೊಟ್ಟಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಬೆನ್ನಿಗೆ ನಿಂತಿತು. ಸ್ಥಳೀಯ ಸೇವಾಸಂಸ್ಥೆಗಳು ಊರೂರು ತಿರುಗಿದುವು. ಆರುನೂರಕ್ಕೂ ಹೆಚ್ಚು ಹಳ್ಳಿಗಳು ಇದಕ್ಕೆ ಸೇರಿದ್ದುವು.

ಅಲ್ಲಿ ಮಾಡಿದ ಕೆಲಸ ಕೇಳಲು ಬಹು ಸರಳ. ಹಳ್ಳಿಯ ಗಂಡಸರೂ ಹೆಂಗಸರೂ ಮಳೆಮಾಪಕವನ್ನು ಓದಲು ಕಲಿತರು. ಹದಿನೈದು ದಿನಕ್ಕೊಮ್ಮೆ ಆಯ್ದ ಬಾವಿಗಳ ಮಟ್ಟ ಅಳೆದರು. ಮೋಟಾರಿನಿಂದ ಬರುವ ನೀರನ್ನು ಪಾತ್ರೆಗೆ ಹಿಡಿದು, ತುಂಬಲು ಹಿಡಿಯುವ ಕಾಲವನ್ನು ಲೆಕ್ಕಹಾಕಿದರು. ಅಂಕಿಗಳನ್ನು ಊರ ನಡುವಿನ ಫಲಕದ ಮೇಲೆ ಬರೆದರು. ಒಂದೇ ಹಳ್ಳದ ಬಯಲಿಗೆ ಸೇರಿದ ಊರುಗಳು ಒಂದು ಘಟಕವಾದುವು, ಏಕೆಂದರೆ ನೆಲದೊಳಗಿನ ನೀರಿಗೆ ಗ್ರಾಮದ ಎಲ್ಲೆ ತಿಳಿಯದು. ಮುಂಗಾರು ಮುಗಿದು ಹಿಂಗಾರಿನ ಬಿತ್ತನೆಗೆ ಮೊದಲು ಎಲ್ಲರೂ ಸೇರಿ ನೀರಿನ ಆಯವ್ಯಯ ಪತ್ರವನ್ನು ತಯಾರಿಸುತ್ತಿದ್ದರು. ಇಷ್ಟು ಮಳೆ ಬಂದಿದೆ, ಇಷ್ಟು ಇಂಗಿದೆ. ಯಾರುಯಾರು ಏನೇನು ಬಿತ್ತಬೇಕೆಂದಿದ್ದೀರಿ ಹೇಳಿ. ಕೂಡಿದರೆ ಇಷ್ಟು ನೀರು ಬೇಕಾಗುತ್ತದೆ, ಇಷ್ಟು ಕೊರತೆ ಬೀಳುತ್ತದೆ. ಇಷ್ಟನ್ನು ಹೇಳಿ ಸಭೆ ಮುಗಿಯುತ್ತಿದ್ದಿತು. ಭತ್ತ ಹಾಕಬಾರದೆಂಬ ಕಟ್ಟಳೆಯಿಲ್ಲ, ದಂಡವಿಲ್ಲ, ಬಿಟ್ಟವನಿಗೆ ಬಹುಮಾನವೂ ಇಲ್ಲ. ಮನೆಗೆ ಹೋಗಿ ತನ್ನ ತೀರ್ಮಾನವನ್ನು ತಾನೇ ಮಾಡಿಕೊಳ್ಳುವುದು ಪ್ರತಿಯೊಬ್ಬನ ಹಕ್ಕು.

ಇದರಿಂದ ಏನಾದರೂ ಆದೀತೇ ಎಂದು ನಾನೂ ಅನುಮಾನಪಟ್ಟೆನು. ವಿಶ್ವಬ್ಯಾಂಕು 2010ರಲ್ಲಿ ಭಾರತದ ಅಂತರ್ಜಲದ ಬಗೆಗೆ ಹೊರತಂದ ಗ್ರಂಥದಲ್ಲಿ ಇದರ ಫಲವನ್ನು ಬರೆದಿದ್ದಾರೆ: ನೂರಕ್ಕೆ 42ರಷ್ಟು ಘಟಕಗಳಲ್ಲಿ ಹಿಂಗಾರಿನ ನೀರೆತ್ತುವಿಕೆ ಒಂದೇ ಸಮನೆ ಕಡಮೆಯಾಯಿತು, 51ರಷ್ಟರಲ್ಲಿ ಆಗೊಮ್ಮೆ ಈಗೊಮ್ಮೆ ಕಡಮೆಯಾಯಿತು, 7ರಷ್ಟರಲ್ಲಿ ಮಾತ್ರ ಹೆಚ್ಚಿತು. ಜನರು ತ್ಯಾಗಿಗಳಾದರೆಂದು ಇದರ ಅರ್ಥವಲ್ಲ. ನೀರು ಸಾಲದೆಂದು ಮೊದಲೇ ತಿಳಿದವನು ಒಣಗಲಿರುವ ಬೆಳೆಗೆ ಹಣ ಸುರಿಯಲಿಲ್ಲ. ಸ್ವಾರ್ಥವೇ ಮಿತವ್ಯಯವಾಗಿ ಪರಿಣಮಿಸಿತು. ಆದರೆ ಪೂರ್ಣ ಸತ್ಯವನ್ನೂ ಹೇಳಬೇಕು. ಯೋಜನೆ ಮುಗಿದ ಮೇಲೆ ಆ ಹಳ್ಳಿಗಳಿಗೆ ಹೋದ ಸಂಶೋಧಕರಲ್ಲಿ ಕೆಲವರು ಅಷ್ಟು ಉತ್ಸಾಹದಿಂದ ಬರೆದಿಲ್ಲ. ಹೊರಗಿನವರ ಆಸರೆ ತಪ್ಪಿದ ಮೇಲೆ ಅಳೆಯುವ ಅಭ್ಯಾಸ ಎಲ್ಲೆಡೆಯೂ ಉಳಿಯಲಿಲ್ಲವೆಂಬ ಮಾತುಂಟು. ನನ್ನ ಮಟ್ಟಿಗೆ ಈ ಸೋಲೂ ಪಾಠವೇ. ಅಂಕಿಯೆಂಬುದು ಹಾಲಿನಂತೆ, ಇಟ್ಟರೆ ಹಾಳಾಗುತ್ತದೆ. ಕಳೆದ ವರ್ಷದ ಮಟ್ಟ ಈ ವರ್ಷದ ಬಿತ್ತನೆಗೆ ಬಾರದು.

ಇಂತಹ ಪ್ರಯತ್ನಗಳು ಇನ್ನೂ ಕೆಲವಿವೆ. ಗುಜರಾತಿನ ಮೇಘರಜ್ ಮತ್ತು ರಾಜಸ್ಥಾನದ ಧರ್ತಾ ಎಂಬಲ್ಲಿ ಆಸ್ಟ್ರೇಲಿಯದ ಒಂದು ವಿಶ್ವವಿದ್ಯಾನಿಲಯವೂ ನಮ್ಮ ಸಂಸ್ಥೆಗಳೂ ಕೂಡಿ ಹಳ್ಳಿಯವರಿಗೇ ತರಬೇತು ಕೊಟ್ಟು ‘ಭೂಜಲ ಜಾನಕಾರ್’ ಎಂಬ ಹೆಸರಿಟ್ಟು ಬಾವಿಗಳನ್ನು ಅಳೆಯಿಸಿದರು. ನಮ್ಮ ನಾಡಿನ ಕೆಲಸವೂ ಹೀನವೇನಲ್ಲ. ಕರ್ನಾಟಕದಲ್ಲಿ 1988ರಷ್ಟು ಹಿಂದೆಯೇ ಬರ ಉಸ್ತುವಾರಿ ಕೋಶ ಹುಟ್ಟಿತು. ಈಗ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಅದು ನಿಲ್ಲಿಸಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಸುದ್ದಿ ಕಳುಹಿಸುತ್ತವೆ. ಇದಕ್ಕಿಂತ ನನಗೆ ಹೆಚ್ಚು ಮೆಚ್ಚುಗೆಯಾದುದು ಆ ಕೇಂದ್ರದವರು ತೆರೆದ ‘ವರುಣಮಿತ್ರ’ ಎಂಬ ದೂರವಾಣಿಯ ಸೇವೆ. ರೈತನು ಕನ್ನಡದಲ್ಲಿ ಕೇಳುತ್ತಾನೆ, ಆ ಕಡೆಯವರು ಕನ್ನಡದಲ್ಲಿ ಹೇಳುತ್ತಾರೆ, ಅಕ್ಷರ ಬೇಕಿಲ್ಲ. ಇನ್ನು 2019ರ ಡಿಸೆಂಬರ್ 25ರಂದು ಕೇಂದ್ರ ಸರ್ಕಾರ ಉದ್ಘಾಟಿಸಿದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಿದ್ದುವು. ಆರು ಸಾವಿರ ಕೋಟಿ ರೂಪಾಯಿನ ಆ ಯೋಜನೆಯಲ್ಲಿ ರಾಜ್ಯಗಳಿಗೆ ಪ್ರೋತ್ಸಾಹಧನ ದೊರೆಯಲು ಇಟ್ಟ ಅಳತೆಗೋಲುಗಳಲ್ಲಿ ಮೊದಲನೆಯದೇ ಅಂತರ್ಜಲದ ಮಾಹಿತಿಯನ್ನು ಜನರ ಮುಂದಿಡುವುದು. ಲೆಕ್ಕ ತೋರಿಸಿದವರಿಗೇ ಹಣವೆಂಬ ಈ ಏರ್ಪಾಡು ನೂರು ಸುತ್ತೋಲೆಗಳಿಗಿಂತ ಮೇಲು.

ಸರ್ಕಾರವೇ ಅಳೆದು ಸರ್ಕಾರವೇ ಗೋಡೆಗೆ ಬರೆದರೆ ಸಾಲದೇ, ಪಾಲುಗಾರರೇಕೆ ಎಂದು ನನ್ನ ಮಿತ್ರನೊಬ್ಬ ವಾದಿಸಿದನು. ಸಾಲದು, ನಂಬಿಕೆ ಹುಟ್ಟುವುದಿಲ್ಲ. ಕಾವೇರಿಯ ವಿಚಾರವನ್ನೇ ನೋಡೋಣ. 1990ರಲ್ಲಿ ನ್ಯಾಯಮಂಡಳಿ ರಚನೆಯಾಗಿ, 2007ರಲ್ಲಿ ತೀರ್ಪು ಬಂದು, 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಅಂತಿಮವಾಗಿ ತಮಿಳುನಾಡಿಗೆ ಬಿಡಬೇಕಾದ ನೀರನ್ನು 177.25 ಟಿ.ಎಂ.ಸಿ. ಎಂದು ನಿಗದಿಮಾಡಿತು. ಇಷ್ಟೆಲ್ಲ ಕಲಹದ ನಡುವೆಯೂ ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿದ ನೀರೆಷ್ಟೆಂಬ ಅಂಕಿಗೆ ಒಂದು ಗೌರವವುಂಟು. ಅದನ್ನು ಅಳೆಯುವುದು ಕರ್ನಾಟಕವೂ ಅಲ್ಲ, ತಮಿಳುನಾಡೂ ಅಲ್ಲ; ಕೇಂದ್ರ ಜಲ ಆಯೋಗ. ಪಾಲಿಗಾಗಿ ಜಗಳವಾಡುವವರಿಗೂ ಒಂದು ಒಪ್ಪಿತವಾದ ಅಳತೆ ಬೇಕು.

ಹಳ್ಳಿಯ ಮಟ್ಟದಲ್ಲಿ ಇದಕ್ಕೆ ನಮ್ಮ ಹಾಲಿನ ಡೈರಿಯೇ ದೃಷ್ಟಾಂತ. ಹಾಲನ್ನು ಕಣ್ಣೆದುರಿಗೇ ಅಳೆಯುತ್ತಾರೆ, ಜಿಡ್ಡಿನ ಅಂಶವನ್ನು ಕಣ್ಣೆದುರಿಗೇ ನೋಡುತ್ತಾರೆ, ಚೀಟಿ ಬರೆದು ಕೈಗೆ ಕೊಡುತ್ತಾರೆ. ತಗಾದೆಯಿದ್ದರೆ ಅಲ್ಲಿಯೇ ಆಗಬೇಕು. ನೀರಿನ ಲೆಕ್ಕವೂ ಹೀಗಾದರೆ ಮಾತ್ರ ಜನ ಒಪ್ಪುತ್ತಾರೆ. ಒಪ್ಪದಿರುವುದಕ್ಕೂ ಕಾರಣಗಳಿವೆ: ಬಾವಿ ಬತ್ತಿದೆಯೆಂದು ಗೋಡೆಯ ಮೇಲೆ ಬರೆದರೆ ಹೊಲದ ಬೆಲೆ ಇಳಿದೀತು, ನೀರಿದೆಯೆಂದು ಬರೆದರೆ ಮೀಟರು ಹಾಕಲು ಬಂದಾರು. ಈ ಭಯವನ್ನು ನಗೆಯಾಡುವುದು ಸುಲಭ. ಹೊಲವೊಂದೇ ಆಸ್ತಿಯಾದವನು ನಗಲಾರನು.

ಕಳೆದ ವರ್ಷ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ನಮ್ಮೂರಿಗೆ ಒಂದು ಮೈಲಿಯ ಹಳ್ಳಿಯಲ್ಲಿ ನಡೆದುದು ಅನೇಕರಿಗೆ ನೆನಪಿರಬಹುದು. ಅಲ್ಲಿ ಹನ್ನೊಂದು ತೆರೆದ ಬಾವಿಗಳನ್ನು ಅಳೆದೆವು. ಸಾಧನವೇನೂ ದೊಡ್ಡದಲ್ಲ: ಬಟ್ಟೆಯ ಟೇಪಿನ ತುದಿಗೆ ಬೋರಲಾಗಿ ಕಟ್ಟಿದ ಒಂದು ಸ್ಟೀಲಿನ ಲೋಟ. ನೀರು ಮುಟ್ಟಿದೊಡನೆ ‘ಗುಳುಕ್’ ಎನ್ನುತ್ತದೆ. ನಾಲ್ಕರಲ್ಲಿ ಮಾತ್ರ ಆ ಶಬ್ದ ಕೇಳಿತು. ಡೈರಿಯ ಗೋಡೆಯ ಮೇಲೆ ಬಣ್ಣದಿಂದ ಸಾಲುಗಳನ್ನು ಎಳೆದು ಅಂಕಿ ಬರೆದೆವು; ಬೆಳಗೂ ಸಂಜೆಯೂ ಊರೆಲ್ಲ ಬರುವ ಜಾಗ ಅದೊಂದೇ. ಎರಡನೆಯ ತಿಂಗಳಿನಲ್ಲಿ ಒಬ್ಬ ವೃದ್ಧರು ನಮ್ಮ ತಪ್ಪನ್ನು ಹಿಡಿದರು. ಕೆಲವು ಬಾವಿಗಳನ್ನು ನೆಲಮಟ್ಟದಿಂದಲೂ ಕೆಲವನ್ನು ಕಟ್ಟೆಯ ಮೇಲಿಂದಲೂ ಅಳೆದಿದ್ದೆವು; ಎರಡೂವರೆ ಅಡಿ ವ್ಯತ್ಯಾಸ! ಬಿ.ಎ. ಓದುವವರೆಂದು ನಾಚಿಕೆಯಾಯಿತು. ಎಲ್ಲರೂ ನೋಡುತ್ತಿದ್ದಂತೆಯೇ ಅಂಕಿಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದುದನ್ನು ಬರೆದೆವು. ವಿಚಿತ್ರವೆಂದರೆ ಜನರು ಗೋಡೆಯ ಮುಂದೆ ನಿಲ್ಲತೊಡಗಿದುದು ಅದಾದ ಮೇಲೆಯೇ. ತನ್ನ ಬಾವಿಯ ಸಾಲನ್ನು ರಾತ್ರೋರಾತ್ರಿ ಅಳಿಸಿದ ಒಬ್ಬರೂ ಉಂಟು. ಅವರ ಇಷ್ಟದಂತೆ ಆ ಸಾಲನ್ನು ಖಾಲಿ ಬಿಟ್ಟಿದ್ದೇವೆ.

ನಮ್ಮ ತಂದೆಯವರು ಹಾಲು ಹಾಕುವುದೂ ಅದೇ ಡೈರಿಗೆ. ಒಂದು ಸಂಜೆ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಓದಿ, ನಮ್ಮ ಹೊಲದ ಹಳೆಯ ಬಾವಿಯನ್ನೂ ಸೇರಿಸೆಂದರು. ಅದರಲ್ಲಿ ನೀರೇ ಇಲ್ಲವಲ್ಲ ಎಂದೆನು. “ಇಲ್ಲ ಅಂತಲೇ ಬರಿ” ಎಂದರು.

ಮೇ ತಿಂಗಳ ಅಳತೆಯ ಹೊತ್ತಿಗೆ ನಮ್ಮ ಪರೀಕ್ಷೆ ಮುಗಿದು ನಾವೆಲ್ಲ ಚದುರಿಹೋಗಿರುತ್ತೇವೆ. ಎರಡನೆಯ ಬಿ.ಎ.ಯ ಇಬ್ಬರು ಮಿತ್ರರೂ ಡೈರಿಯ ಕಾರ್ಯದರ್ಶಿಗಳೂ ಒಪ್ಪಿಕೊಂಡಿದ್ದಾರೆ. ಟೇಪು ಮತ್ತು ಲೋಟ ಡೈರಿಯ ಬೀರುವಿನಲ್ಲಿವೆ. ಬೀಗದ ಕೈ ಗೋಡೆಯ ಮೊಳೆಗೆ ತೂಗುಹಾಕಿದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹನ್ನೆರಡನೆಯ ಸಾಲು ನಮ್ಮ ಬಾವಿಯದು. ಅದರ ಮುಂದೆ ಅಂಕಿಯಿಲ್ಲ, ಒಂದು ಗೆರೆಯಿದೆ.